ಹಾಲೆಂಡಿನ ಡಬ್ಬಕ್ಕೆ ಅರ್ಚನೆ

ದೊಡ್ಡಬಳ್ಳಾಪುರದ ಹತ್ತಿರ ಗುಲಾಬಿ ಬೆಳೆಯುವ ನಮ್ಮ ಪಾಲಿಹೌಸಿನಲ್ಲಿ ಹೂವಿಗೆ ಬರ ಬಂದರೂ ನಗೆಪಾಟಲಿಗೆ ಬರವಿಲ್ಲ. ಹಾಲೆಂಡಿನಿಂದ ಆ ಯಂತ್ರ ಬಂದ ಮೇಲಂತೂ ಕೇಳುವುದೇ ಬೇಡ.

೧. ಹೆಸರು

ಒಳಗಿನ ಗಾಳಿಯ ತೇವವನ್ನು ಹದದಲ್ಲಿಡುವುದಷ್ಟೇ ಅದರ ಕೆಲಸ. ಹೆಸರು ಮಾತ್ರ ಲುಖ್ಟ್‌ಫೊಖ್ಟಿಖ್‌ಹೈಟ್ಸ್‌ರೇಖೆಲಾರ್. ಗಾಳಿ, ತೇವ, ಹದ ಎಲ್ಲವನ್ನೂ ಡಚ್ಚರು ಒಂದೇ ಪದದೊಳಗೆ ತುರುಕಿದ್ದಾರೆ. ನಾವು ‘ಡಬ್ಬ’ ಅಂದೆವು. ಮ್ಯಾನೇಜರಿಗೆ ಅವಮಾನವಾಯಿತು. ಯಂತ್ರ ಮಾರಿದ ಡಚ್ ಸಾಹೇಬರು ಆಯುಧಪೂಜೆಗೆ ಬರುವವರಿದ್ದರು. ನಮ್ಮಲ್ಲಿ ಒಬ್ಬರಿಗೆ ಹಾಲೆಂಡಿನಲ್ಲಿ ತರಬೇತಿ ಕೊಡುತ್ತೇವೆ ಎಂದಿದ್ದರು. ಯಾರನ್ನು ಕಳಿಸುವುದೆಂದು ನಮ್ಮ ಮಾಲೀಕರು ಇನ್ನೂ ಹೇಳಿರಲಿಲ್ಲ. ಮ್ಯಾನೇಜರ್ ಆಗಲೇ ಸ್ವೆಟರ್ ಕೊಂಡಾಗಿತ್ತು.

೨. ಖ್

ಮ್ಯಾನೇಜರ್ ಮೊಬೈಲಿನಲ್ಲಿ ಉಚ್ಚಾರಣೆ ಕೇಳಿಕೊಂಡು ಪದವನ್ನು ತುಂಡು ತುಂಡು ಮಾಡಿ ಅಭ್ಯಾಸಕ್ಕೆ ಕೂತರು. “ಲುಖ್ಟ್... ಫೊಖ್... ಟಿಖ್...” ಒಂದೊಂದು ‘ಖ್’ ಕೂಡ ಗಂಟಲಿನ ತಳದಿಂದ.

ನಮ್ಮ ಎಲೆಕ್ಟ್ರಿಷಿಯನ್ ಭಾಯಿ ಓಡಿ ಬಂದ. “ಏನ್ ಸಾರ್, ಮೀನಿನ ಮುಳ್ಳು ಸಿಕ್ಕಾಕ್ಕೊಂಡೈತಾ? ಒಂದು ಉಂಡೆ ಅನ್ನ ನುಂಗ್ಬಿಡಿ.”

ಮ್ಯಾನೇಜರ್ ಶುದ್ಧ ಸಸ್ಯಾಹಾರಿ. ಉರಿದುಕೊಂಡೇ ವಿಷಯ ಹೇಳಿದರು. ಭಾಯಿ ಅಷ್ಟೂ ಪದವನ್ನು ಸಲೀಸಾಗಿ ಅಂದುಬಿಟ್ಟ. “ಖ್ ನಮ್ ಮನೇದೇ ಅಲ್ವಾ ಸಾರ್.”

“ನಿಂದು ಉರ್ದು ಖ್ ಕಣಯ್ಯ,” ಅಂದರು ಮ್ಯಾನೇಜರ್. “ಇದು ಯುರೋಪಿನ ಖ್. ಅದಕ್ಕೆ ಬೇರೆ ಗಂಟಲು ಬೇಕು.”

೩. ಅರ್ಚನೆ

ಪೂಜೆಯ ದಿನ ಡಬ್ಬಕ್ಕೆ ಬಾಳೆಕಂದು ಕಟ್ಟಿ, ಕುಂಕುಮ ಇಟ್ಟಾಯಿತು. ಪುರೋಹಿತರು ಹೂವಿನ ತಟ್ಟೆ ಹಿಡಿದು, “ಅರ್ಚನೆ ಯಾರ ಹೆಸರಿಗೆ?” ಅಂದರು. ಮ್ಯಾನೇಜರ್ ಡಚ್ ಸಾಹೇಬರ ಕಡೆ ಒಮ್ಮೆ ನೋಡಿ, ಮುಂದೆ ಬಂದು ಕಣ್ಣು ಮುಚ್ಚಿದರು.

“ಲುಖ್ಟ್...”

ಪುರೋಹಿತರು ಒಂದು ಹೂವು ಹಾಕಿದರು. “ಲುಖ್ಟಾಯ ನಮಃ.”

“ಫೊಖ್...”

“ಫೊಖಾಯ ನಮಃ.”

ಹೀಗೆ ‘ಲಾರಾಯ ನಮಃ’ವರೆಗೂ ಹೋಗಿ ಮಂಗಳಾರತಿಯಾಯಿತು. ನಾವೆಲ್ಲ ಭಕ್ತಿಯಿಂದ ಕೆನ್ನೆ ಬಡಿದುಕೊಂಡೆವು. ಸಾಹೇಬರಿಗೆ ಸಂತೋಷ ತಡೆಯಲಾಗಲಿಲ್ಲ. ತಮ್ಮ ಭಾಷೆ ಇಷ್ಟು ಚೆನ್ನಾಗಿ ಬಲ್ಲವರನ್ನು ಇಂಡಿಯಾದಲ್ಲೇ ನೋಡಿಲ್ಲ ಎಂದು ಮ್ಯಾನೇಜರ ಕೈ ಕುಲುಕಿದರು. ಮ್ಯಾನೇಜರ್ ಅರ್ಧ ವಿಮಾನ ಹತ್ತಿಯಾಗಿತ್ತು.

ಮಾಲೀಕರು ಅವರ ಬೆನ್ನು ತಟ್ಟಿದರು. “ನಿಮಗೆ ಎಲ್ಲಾ ಬರುತ್ತಲ್ಲಪ್ಪ, ಅಲ್ಲಿಗೆ ಹೋಗಿ ಇನ್ನೇನ್ ಕಲೀತೀರಾ? ಏನೂ ಬರ್ದೇ ಇರೋನು ಹೋಗಿ ಕಲೀಲಿ ಬಿಡಿ.”

ಆ ಅರ್ಹತೆಯಲ್ಲಿ ಮಾಲೀಕರ ಬಾಮೈದನನ್ನು ಮೀರಿಸುವವರು ಇಡೀ ತಾಲ್ಲೂಕಿನಲ್ಲಿರಲಿಲ್ಲ. ಅವನೇ ಹೋದ. ಹೊರಡುವ ದಿನ ಮ್ಯಾನೇಜರ ಹತ್ತಿರ ಬಂದು, “ಅಲ್ಲಿ ಚಳಿಯಂತೆ ಸಾರ್,” ಎಂದು ಆ ಸ್ವೆಟರನ್ನೂ ಇಸ್ಕೊಂಡು ಹೋದ.