ಮೂರು ನೀರಿನಲ್ಲಿ ತೊಳೆದ ಮೀನು

ಬಾರದ ಕೆಲಸವನ್ನು ಬರುತ್ತದೆಂದು ಒಪ್ಪಿಕೊಂಡು ಮುಂಬಯಿಯಲ್ಲಿ ನೆಲೆ ನಿಂತವರು ಎಷ್ಟೋ ಜನ. ಅವರಲ್ಲಿ ನಾನೂ ಒಬ್ಬ. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮೈಸೂರಿನ ಮನೆಯಲ್ಲಿ ಹುಟ್ಟಿ, ಪರೇಲಿನಲ್ಲಿ ಡಬ್ಬಿ ಮೀನು ತಯಾರಿಸುವ ಕಂಪನಿಯೊಂದರ ಕೆಮಿಸ್ಟ್ ಆದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದು ತೀರ್ಮಾನವಾಗುವ ತಿಂಗಳಲ್ಲೇ ನಮ್ಮ ಗುಜರಾತಿ ಮಾಲೀಕರಿಗೆ ಹೊಸ ಯೋಚನೆ ಹೊಳೆಯಿತು. ಸಸ್ಯಗಳಲ್ಲಿ ಸ್ಟೆರಾಲ್ ಎಂಬ ಪದಾರ್ಥವಿದೆ, ಅದು ಕೊಲೆಸ್ಟರಾಲ್ ಇಳಿಸುತ್ತದಂತೆ. ಅದನ್ನು ಮೀನಿನ ಡಬ್ಬಿಯ ಎಣ್ಣೆಯಲ್ಲಿ ಕರಗಿಸಿದರೆ ಹೃದ್ರೋಗಿಗಳಿಗೆ ಮಾರಬಹುದಲ್ಲ! ಮೀನುಗಳ ನಡುವೆ ಸಿಕ್ಕಿಕೊಂಡ ಆ ಬಡಪಾಯಿ ಸಸ್ಯಾಹಾರಿ ಸ್ಟೆರಾಲಿನ ಮೇಲೆ ನನಗೆ ಮಮತೆಯೇ ಹುಟ್ಟಿತು. ಆದರೆ ಡಬ್ಬಿ ಮುಚ್ಚಿ ಹಬೆಯ ಒತ್ತಡದಲ್ಲಿ ಬೇಯಿಸಿದಾಗ ಅದು ಉಳಿಯುತ್ತದೋ, ಹಾಳಾಗುತ್ತದೋ? ಅದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಹಸಿ ಮೀನನ್ನು ಮುಟ್ಟಲು ನನಗೆ ಧೈರ್ಯವಿರಲಿಲ್ಲ. ಹಾಗಾಗಿ ಬೇಯಿಸುವ ಮೊದಲಿನ ಪರೀಕ್ಷೆಯನ್ನು ಉಡುಪಿ ಕಡೆಯ ನನ್ನ ಸಹಾಯಕ ಸಂಜೀವನಿಗೆ ವಹಿಸಿದೆ. ಬೆಂದ ಡಬ್ಬಿಗಳನ್ನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಾನೇ ಪರೀಕ್ಷಿಸಿದೆ. ಬೇಯಿಸುವ ಮೊದಲು ಸ್ಟೆರಾಲ್ ಹಾಕಿದಷ್ಟೂ ಇತ್ತು, ಬೆಂದ ಮೇಲೆ ಹೆಸರಿಗಷ್ಟೇ ಇತ್ತು. ಶಾಖಕ್ಕೆ ಸ್ಟೆರಾಲ್ ನಾಶವಾಗುತ್ತದೆ ಎಂದು ಗಂಭೀರವಾಗಿ ವರದಿ ಬರೆದು ಮಾಲೀಕರಿಗೆ ಕಳಿಸಿದೆ. ವಿಜ್ಞಾನಿಯೆಂದರೆ ಇವನಪ್ಪಾ ಎಂದು ನನಗೆ ನನ್ನ ಬಗ್ಗೆಯೇ ಅನ್ನಿಸಿದ್ದು ಆ ಒಂದು ಮಧ್ಯಾಹ್ನ ಮಾತ್ರ.

ಸಂಜೀವ ನನ್ನ ಮೇಜಿನ ಬಳಿ ನಿಂತು ಸುತ್ತಲೂ ನೋಡಿದ. “ಡಬ್ಬಿಯ ಎಣ್ಣೆ ಎಲ್ಲಿ ಸರ್?”

“ಮೋರಿಗೆ ಚೆಲ್ಲಿದೆ. ಆಮೇಲೆ ವಾಸನೆ ಹೋಗಲಿ ಅಂತ ಮೀನನ್ನ ಮೂರು ನೀರಲ್ಲಿ ತೊಳೆದೆ.”

“ಎಂಥ ಮಾಡಿದ್ರಿ ಮಾರಾಯ್ರೆ! ಸ್ಟೆರಾಲ್ ಇದ್ದದ್ದೇ ಆ ಎಣ್ಣೆಯಲ್ಲಿ ಅಲ್ವಾ? ಡಬ್ಬಿ ಮೀನನ್ನು ಯಾರಾದ್ರೂ ತೊಳೀತಾರಾ?”

ನಮ್ಮ ಮನೆಯಲ್ಲಿ ಅಕ್ಕಿ, ಬೇಳೆ, ಸೊಪ್ಪು ಎಲ್ಲಕ್ಕೂ ಮೂರು ನೀರು. ಮೀನಿಗೆ ಬೇರೆ ಶಾಸ್ತ್ರವಿದೆಯೆಂದು ನನಗೆ ಹೇಳಿದವರು ಯಾರು? ನಿಜವಾಗಿ ಹೆದರಿದೆ. ಈ ಕೆಲಸ ಹೋದರೆ ಕುರ್ಲಾದ ಚಾಳೆಂಬ ವಠಾರದ ಒಂದು ಬಾಡಿಗೆ ಕೋಣೆಯೂ ಹೋಗುತ್ತದೆ. ಮರುದಿನ ಮೂಗಿಗೆ ಕರವಸ್ತ್ರ ಕಟ್ಟದೆ, ಹೊಸ ಡಬ್ಬಿಗಳನ್ನು ತೆರೆದು, ಎಣ್ಣೆಯ ಸಮೇತ ಮೀನು ಅರೆದೆ. ಸ್ಟೆರಾಲ್ ಹೆಚ್ಚುಕಡಿಮೆ ಹಾಗೆಯೇ ಇತ್ತು. ಶಾಖ ನಿರಪರಾಧಿ, ತಪ್ಪು ನನ್ನದು ಎಂದು ಬರೆದು, ಆ ಕಾಗದವನ್ನು ಮಾಲೀಕರ ಕೈಗೆ ನಾನೇ ಕೊಟ್ಟೆ.

“ಧೋಯಾ ಕಾಯ್ಕೋ?” ಎಂದರು. ಯಾಕೆ ತೊಳೆದೆ ಎಂಬುದಕ್ಕೆ ವೈಜ್ಞಾನಿಕ ಕಾರಣ ಹುಡುಕುವುದನ್ನು ಬಿಟ್ಟು, ವಾಸನೆ ತಡೆಯಲಾಗಲಿಲ್ಲ ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, ತಾವೂ ಹುಟ್ಟಾ ಶಾಕಾಹಾರಿ, ಇಷ್ಟು ವರ್ಷಗಳಲ್ಲಿ ತಮ್ಮ ಒಂದು ಡಬ್ಬಿಯನ್ನೂ ತೆರೆದಿಲ್ಲ ಎಂದರು. ಕೆಲಸ ಕಾಯಂ ಆಯಿತು.

ಆ ಸಂಜೆ ಸಿಹಿಸುದ್ದಿ ಹೊತ್ತು, ಮೈಯೆಲ್ಲ ಮೀನೆಣ್ಣೆ ನಾರುತ್ತಾ, ಲೋಕಲ್ ಗಾಡಿಯಲ್ಲಿ ಎಂದೂ ಸಿಗದಷ್ಟು ಜಾಗದಲ್ಲಿ ಕೂತು ಮನೆಗೆ ಬಂದೆ. ಹೆಂಡತಿ ಹೊಸ್ತಿಲಲ್ಲೇ ತಡೆದಳು. “ಸುದ್ದಿ ಆಮೇಲೆ ಹೇಳೀರಂತೆ, ಮೊದಲು ನಲ್ಲಿ ಹತ್ರ ನಡೀರಿ,” ಎಂದು ಬಕೆಟ್ ಹಿಡಿದು ಹಿಂದೆಯೇ ಬಂದಳು. ಇಡೀ ಚಾಳು ನೋಡುತ್ತಿದ್ದಂತೆ ನನ್ನನ್ನು ಮೂರು ನೀರಿನಲ್ಲಿ ತೊಳೆದಳು. ಅಷ್ಟಾದ ಮೇಲೆ ಕೆಮಿಸ್ಟ್ ಎಂಬ ಗತ್ತು ನನ್ನಲ್ಲಿ ಎಷ್ಟು ಉಳಿಯಿತೆಂದು ಪರೀಕ್ಷೆ ಮಾಡುವ ಗೋಜಿಗೆ ನಾನು ಹೋಗಲಿಲ್ಲ.