ಅನ್ವರನ ಮೂರು ಶುಕ್ರವಾರಗಳು

ಸಂಶಯ ಪಡುವುದಕ್ಕೆ ಬಹಳ ತಾಳ್ಮೆ ಬೇಕು. ಸಿಟ್ಟು ಯಾರಿಗಾದರೂ ಬರುತ್ತದೆ. ಆದರೆ ಒಬ್ಬನ ಮೇಲೆ ಸಂಶಯವಿಟ್ಟುಕೊಂಡು, ಅವನಿಗೆ ವಾರವಾರವೂ ನೀರಿನ ಬಾಟಲಿ ಕೊಟ್ಟು, ಬೆನ್ನು ತಟ್ಟಿ, ಮನೆಗೆ ಬಂದು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವುದು ಎಲ್ಲರಿಂದಾಗುವ ಕೆಲಸವಲ್ಲ. ನಾನು ಒಂದು ಚಳಿಗಾಲವಿಡೀ ಅದನ್ನು ಮಾಡಿದ್ದೇನೆ.

ಆಗ ದೋಹಾದಲ್ಲಿ ನಮ್ಮ ಕರಾವಳಿಯವರದೊಂದು ಬಾಸ್ಕೆಟ್‌ಬಾಲ್ ತಂಡವಿತ್ತು. ನಾನು ಅದರ ಮ್ಯಾನೇಜರ್, ಎಂದರೆ ಚೆಂಡಿಗೆ ಗಾಳಿ ತುಂಬಿಸುವವನು. ಶುಕ್ರವಾರದ ಲೀಗಿನಲ್ಲಿದ್ದದ್ದು ನಾಲ್ಕೇ ತಂಡ. ಊರಿನಿಂದ ಹೊಸದಾಗಿ ಬರುವ ಆಟಗಾರರನ್ನು ಕೊನೆಯ ಸ್ಥಾನದ ತಂಡ ಮೊದಲು ಆರಿಸಿಕೊಳ್ಳಬೇಕೆಂಬುದು ನಿಯಮ. ಆ ವರ್ಷ ಕೊನೆಯ ಸ್ಥಾನದಲ್ಲಿದ್ದ ವೆಸ್ಟ್ ಬೇಯ ಆಫೀಸಿನವರ ತಂಡ ಹೇಳಿ ಕಳಿಸಿತು: ನಿಮ್ಮ ಅನ್ವರನನ್ನು ನಮಗೆ ಕೊಡಿ, ಹೊಸಬರಲ್ಲಿ ನಮ್ಮ ಮೊದಲ ಎರಡು ಆಯ್ಕೆಗಳನ್ನು ನೀವು ಇಟ್ಟುಕೊಳ್ಳಿ.

ಅನ್ವರ್ ಉಳ್ಳಾಲದವನು, ಆರಡಿ ಎರಡಂಗುಲ, ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಅವನು ಬಂದ ದಿನ ನಾವು ಗೆಲ್ಲುತ್ತಿದ್ದೆವು, ಬಾರದ ದಿನ ಗ್ರೂಪ್ ಫೋಟೋ ತೆಗೆಸಿಕೊಂಡು ಬರುತ್ತಿದ್ದೆವು. ಮೊದಲ ಮೂರು ಪಂದ್ಯಕ್ಕೆ ಬಂದವನು ಮುಂದಿನ ಮೂರಕ್ಕೆ "ಡ್ಯೂಟಿ ಉಂಟು" ಎಂದು ಕೈಕೊಟ್ಟ. ವಾರದ ನಡುವಿನ ಪ್ರಾಕ್ಟೀಸಿಗೆ ಮಾತ್ರ ಬಂದು ಹೋಗುತ್ತಿದ್ದ. ಅವನ ಶಿಫ್ಟು ನಾಲ್ಕು ದಿನ ಕೆಲಸ, ನಾಲ್ಕು ದಿನ ರಜೆ. ನಾನು ಕ್ಯಾಲೆಂಡರ್ ಹಿಡಿದು ಕೂತು ನೋಡಿದರೆ, ಬಾರದ ಆ ಮೂರೂ ಶುಕ್ರವಾರ ಅವನಿಗೆ ರಜೆ.

"ಫೋನ್ ಮಾಡಿ ಕೇಳಿಬಿಡಿ ಅಲ್ವಾ," ಎಂದಳು ಹೆಂಡತಿ, ತೊಂಡೆಕಾಯಿ ಹೆಚ್ಚುತ್ತ.

"ಕೇಳಿದ್ರೆ ಅವ ಜಾಗ್ರತೆ ಆಗ್ತಾನೆ."

"ನೀವು ಚೆಂಡಾಡ್ಸುದಾ, ಕಳ್ಳನನ್ನು ಹಿಡಿಯುದಾ?"

ಕಮಿಟಿಯಲ್ಲಿ ನಾವು ಮೂವರು. ಶೆಟ್ಟರೂ ಡಿಸೋಜರೂ "ಅನ್ವರ್ ಇರಲಿ ಮಾರಾಯ್ರೆ" ಎನ್ನುತ್ತಿದ್ದವರು. ನಾನು ಕೆಂಪು ಸುತ್ತು ಹಾಕಿದ ಕ್ಯಾಲೆಂಡರನ್ನು ಮುಂದೆ ಹರಡಿದೆ. ಶೆಟ್ಟರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಡಿಸೋಜರು "ಹಾಗಾದ್ರೆ ಖಲಾಸ್" ಎಂದರು. ಅನ್ವರನನ್ನು ಕೊಟ್ಟು, ಅರ್ಜಿಗೆ ಅಂಟಿಸಿದ್ದ ಫೋಟೋ ನೋಡಿ ಇಬ್ಬರು ಹೊಸಬರನ್ನು ಆರಿಸಿದೆವು. ಪಾಸ್‌ಪೋರ್ಟ್ ಸೈಜಿನ ಫೋಟೋ ಭುಜದಿಂದ ಕೆಳಗಿನದೇನನ್ನೂ ಹೇಳುವುದಿಲ್ಲ. ವಿಮಾನ ಇಳಿದು ಬಂದಾಗ ಒಬ್ಬ ನನ್ನ ಕಿವಿಯವರೆಗೆ ಬರುತ್ತಿದ್ದ, ಇನ್ನೊಬ್ಬ ಅವನ ಕಿವಿಯವರೆಗೆ.

ಜೆರ್ಸಿ ಹಿಂದಿರುಗಿಸಲು ಅನ್ವರ್ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದ. ಅದನ್ನು ಒಗೆದು ಇಸ್ತ್ರಿ ಹಾಕಿಸಿದ್ದ.

"ಅಣ್ಣ, ನನ್ನದೆಂತ ತಪ್ಪಾಯ್ತು?"

"ರಜೆ ಇದ್ದ ದಿನವೂ ಡ್ಯೂಟಿ ಅಂದಿಯಂತೆ," ಎಂದೆ. ಆ 'ಅಂತೆ'ಯನ್ನು ಯಾವ ಬಾಯಿಂದ ಹೇಳಿದೆನೋ.

"ಡ್ಯೂಟಿ ಇತ್ತಲ್ಲ ಅಣ್ಣ, ಫಿಲಿಪೀನ್ಸಿನ ದೋಸ್ತನದ್ದು. ಮೊದಲ ಮೂರು ಮ್ಯಾಚಿನ ದಿನ ನನ್ನ ಬದಲಿಗೆ ಅವ ನಿಂತಿದ್ದ. ಮತ್ತೆ ಅವನ ಡ್ಯೂಟಿಗೆ ನಾನು ಹೋಗುದು ಬೇಡ್ವಾ?"

ಬಾರದ ದಿನಗಳನ್ನು ಅಷ್ಟು ಶ್ರದ್ಧೆಯಿಂದ ಪರೀಕ್ಷಿಸಿದ ನನಗೆ, ಬಂದ ದಿನಗಳನ್ನೂ ನೋಡಬೇಕೆಂದು ಹೊಳೆದೇ ಇರಲಿಲ್ಲ.

"ನನ್ನನ್ನು ಕೊಡುವ ಅಂತ ಹೇಳಿದ್ದು ಯಾರು?"

"ಕಮಿಟಿ ತೀರ್ಮಾನ ಮಾರಾಯ."

"ಶೆಟ್ರಾ?"

ನಾನು ಎದ್ದು ಏಸಿಯ ಗಾಳಿಯನ್ನು ಅವನ ಕಡೆಗೆ ತಿರುಗಿಸಿದೆ.

"ಗೊತ್ತಿತ್ತು ಅಣ್ಣ. ನೀವು ಹಾಗೆಲ್ಲ ಮಾಡುವ ಜನ ಅಲ್ಲ," ಎಂದು ಚಹಾ ಮುಗಿಸಿ, ನನ್ನ ಕೈ ಕುಲುಕಿ ಹೋದ.

ಈಗ ಅನ್ವರ್ ಮೈದಾನದಲ್ಲಿ ಎದುರಾದರೆ ಶೆಟ್ಟರನ್ನು ಮಾತನಾಡಿಸುವುದಿಲ್ಲ. ಕಾರಣ ಏನಿರಬಹುದು ಎಂದು ಶೆಟ್ಟರು ಮೊನ್ನೆ ನನ್ನನ್ನೇ ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.