ಮಾವನವರ ಸಾಕ್ಷ್ಯಚಿತ್ರವನ್ನು ನಾನು ಉಳಿಸಿದ ಬಗೆ

ನಾನು ವ್ಯವಸ್ಥಿತ ಮನುಷ್ಯ. ಇದು ಜಂಬವಲ್ಲ, ದಾಖಲೆ. ನನ್ನ ದಿನಚರಿಯ ಪ್ರತಿ ಪುಟದ ಕೊನೆಯಲ್ಲಿ ಎರಡು ಸಾಲುಗಳಿರುತ್ತವೆ: 'ಇಂದಿನ ಸಾಧನೆ', 'ಇಂದಿನ ತಪ್ಪು'. ಎರಡನೆಯ ಸಾಲಿನ ಎದುರು ಸಾಮಾನ್ಯವಾಗಿ ಸೊನ್ನೆ ಇರುತ್ತದೆ. ನನ್ನ ಹೆಂಡತಿ ವಿದ್ಯಾ ಈ ಸೊನ್ನೆಗಳನ್ನು ಒಪ್ಪುವುದಿಲ್ಲ. "ಪರೀಕ್ಷಾ ಬರಿಯಾಂವನೂ ನೀನ, ಮಾರ್ಕ್ಸ್ ಕೊಡಾಂವನೂ ನೀನ!" ಎನ್ನುತ್ತಾಳೆ. ಅವಳು ಧಾರವಾಡದವಳು. ನಾನು ಮೈಸೂರಿನವನು. ವಾದಕ್ಕಿಳಿಯುವುದು ನಮ್ಮ ಕಡೆಯ ಪದ್ಧತಿಯಲ್ಲ. ಗೆಲ್ಲುವುದೂ ಅಲ್ಲ.

ಹ್ಯೂಸ್ಟನ್‌ನ ಸೈಪ್ರೆಸ್‌ನಲ್ಲಿರುವ ನಮ್ಮ ಕನ್ನಡ ಬಳಗ ತಿಂಗಳಿಗೊಮ್ಮೆ ಬಡಾವಣೆಯ ಕ್ಲಬ್‌ಹೌಸ್‌ನಲ್ಲಿ ಸಿನಿಮಾ ತೋರಿಸುತ್ತದೆ. ಸಿನಿಮಾ ಮುಗಿದ ಮೇಲೆ ಊಟವಿರುವುದರಿಂದ ಯಾವ ಸಿನಿಮಾ ಹಾಕಿದರೂ ಜನ ಬರುತ್ತಾರೆ. ಈ ಸಲದ ಹೊಣೆ ನನ್ನ ಮೇಲೆ ಬಿತ್ತು. ಎಲ್ಲರೂ ನೋಡಿದ್ದನ್ನೇ ತೋರಿಸುವುದು ನನ್ನ ಘನತೆಗೆ ಒಪ್ಪುವ ಮಾತಲ್ಲ. ನಾನು ಆರಿಸಿಕೊಂಡ ವಿಷಯ: 'ತೊಂಬತ್ತರ ದಶಕದ ಆರಂಭದ ಗಮನಾರ್ಹ ಸಾಕ್ಷ್ಯಚಿತ್ರಗಳು'.

ಬಳಗದ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಪ್ರಕಟಿಸಿದಾಗ ಬಂದ ಮೊದಲ ಪ್ರತಿಕ್ರಿಯೆ: "ಊಟಕ್ಕೆ ಬಿಸಿಬೇಳೆಬಾತಾ, ಪುಲಾವಾ?"

ನಾನು ಧೃತಿಗೆಡಲಿಲ್ಲ. ಆ ಕಾಲದ ಬಗ್ಗೆ ಸಾಕಷ್ಟು ಓದಿಕೊಂಡಿದ್ದೆ. ರೀಲಿನ ಬದಲು ವಿಡಿಯೊ ಟೇಪ್ ಕೈಗೆಟುಕತೊಡಗಿದ್ದ ದಿನಗಳವು. ಸಣ್ಣಪುಟ್ಟ ತಂಡಗಳೂ ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡು ಊರೂರು ಅಲೆದವು. ನದಿ, ಅಣೆಕಟ್ಟು, ಕಾಡು, ಕಾರ್ಖಾನೆ ಎಲ್ಲದರ ಬಗ್ಗೆಯೂ ಜನ ಕ್ಯಾಮೆರಾದೆದುರು ನೇರವಾಗಿ ಮಾತಾಡಿದರು. ಇದನ್ನೆಲ್ಲ ಊಟದ ಮೇಜಿನಲ್ಲಿ ವಿವರಿಸುತ್ತಿದ್ದಾಗ ಎದುರಿಗೆ ಕುಳಿತಿದ್ದ ಮಾವನವರು ಮೆಲ್ಲಗೆ ಕೆಮ್ಮಿದರು. ಅತ್ತೆ, ಮಾವ ಇಬ್ಬರೂ ನಮ್ಮಲ್ಲಿಗೆ ಬಂದು ಆಗಲೇ ಕೆಲವು ವಾರಗಳಾಗಿದ್ದವು.

"ಅಳಿಯಾರ, ಅಂಥಾದ್ದರಾಗ ಒಂದಕ್ಕ ನಾ ಧ್ವನಿ ಕೊಟ್ಟೇನ್ರಿ."

ಕೈಯಲ್ಲಿದ್ದ ಚಮಚ ಕೈಯಲ್ಲೇ ನಿಂತಿತು. ಮಾವನವರು ಕಾಲೇಜಿನಲ್ಲಿ ಕನ್ನಡ ಕಲಿಸಿದವರೆಂದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಧಾರವಾಡದ ಹತ್ತಿರ ಒತ್ತುವರಿಯಾಗಿ ಬತ್ತಿಹೋದ ಒಂದು ಕೆರೆಯ ಕಥೆಯಂತೆ. ಟಿವಿಯಲ್ಲಿ ಒಂದೇ ಒಂದು ಸಲ ಬಂದಿತ್ತಂತೆ.

"ಓಣಿ ಮಂದಿನೆಲ್ಲಾ ಕರದು ಚಾಪಿ ಹಾಸಿ ಕುಂದರಿಸಿದ್ದೆ. ಇವರ ಹೆಸರು ಬಂತು, ಎರಡ ಮಾತು ಕೇಳಿಸ್ತು, ಕರೆಂಟ್ ಹೋತು! ಇನ್ನೂತನಾ ನಾ ಅದನ್ನ ಕೇಳಿಲ್ಲ ನೋಡ್ರಿ," ಎಂದರು ಅತ್ತೆ.

ಆಮೇಲೆ ತಂಡದವರು ಮಾವನವರಿಗೆ ಒಂದು ವಿಎಚ್‌ಎಸ್ ಕ್ಯಾಸೆಟ್ ಕೊಟ್ಟಿದ್ದರು. ಇವರ ಮನೆಯಲ್ಲಿ ಅದನ್ನು ಹಾಕುವ ಯಂತ್ರವಿರಲಿಲ್ಲ. ಯಂತ್ರ ಕೊಳ್ಳುವ ಹೊತ್ತಿಗೆ ಯಂತ್ರಗಳ ಕಾಲವೇ ಮುಗಿದಿತ್ತು. ಚಿತ್ರ ಮಾಡಿದವರ ಬಳಿಯೂ ಬೇರೆ ಪ್ರತಿ ಉಳಿದಿರಲಿಲ್ಲ. ಆ ಕ್ಯಾಸೆಟ್ಟನ್ನು ಅತ್ತೆ ಇಳಕಲ್ ಸೀರೆಯೊಂದರಲ್ಲಿ ಸುತ್ತಿ ಟೆಕ್ಸಸ್‌ವರೆಗೂ ತಂದಿದ್ದರು. ಅಳಿಯ ಕಂಪ್ಯೂಟರಿನವನು, ಏನಾದರೂ ಮಾಡುತ್ತಾನೆ ಎಂಬ ನಂಬಿಕೆ.

ಅಳಿಯ ಏನಾದರೂ ಮಾಡಿದ.

"ಡಲ್ಲಾಸ್‌ನಾಗ ಇದನ್ನ ದಂಧೆ ಮಾಡ್ಕೊಂಡಾವ್ರು ಇದ್ದಾರ. ಅವ್ರಿಗೆ ಕೊಡು," ಎಂದಳು ವಿದ್ಯಾ.

"ಕ್ಯಾಸೆಟ್ಟಿಂದ ಕಂಪ್ಯೂಟರಿಗೆ ಒಂದು ವೈರು ಎಳಿಯೋದಕ್ಕೆ ಡಲ್ಲಾಸಾ?" ಎಂದೆ ನಾನು.

ಮೊದಲು ಕ್ಯಾಸೆಟ್ಟನ್ನು ಕೂಲಂಕಷವಾಗಿ ಪರೀಕ್ಷಿಸಿದೆ. ಅಂಚಿನಲ್ಲಿ ಒಂದು ಸಣ್ಣ ಚೌಕ ಮುರಿದು ತೂತಾಗಿತ್ತು. ಪಾಪ, ಎಷ್ಟು ವರ್ಷದ ಟ್ರಂಕಿನ ವಾಸ! ಧೂಳು ಹೋಗಬಾರದೆಂದು ಆ ತೂತಿನ ಮೇಲೆ ನೀಟಾಗಿ ಸೆಲ್ಲೋಟೇಪ್ ಅಂಟಿಸಿದೆ. ದಿನಚರಿಯಲ್ಲಿ ಬರೆದೆ: 'ಇಂದಿನ ಸಾಧನೆ: ಕ್ಯಾಸೆಟ್ ದುರಸ್ತಿ. ಇಂದಿನ ತಪ್ಪು: ಸೊನ್ನೆ.'

ಮರುದಿನ ಫುಲ್‌ಶೀರ್‌ನಲ್ಲಿ ಯಾರೋ ಮನೆಮುಂದೆ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲ್‌ನಲ್ಲಿ ಒಂದು ವಿಸಿಆರ್ ಸಿಕ್ಕಿತು. ತಂದು, ಒರೆಸಿ, ಕ್ಯಾಸೆಟ್ ಹಾಕಿದೆ. ಪರದೆಯ ಮೇಲೆ ಕಪ್ಪುಬಿಳುಪು ಪಟ್ಟೆಗಳು ಕೆಳಗಿನಿಂದ ಮೇಲಕ್ಕೆ ಓಡಿದವು. ಓಡುತ್ತಲೇ ಇದ್ದವು.

"ಕೆರಿ ಅಂದ್ರ ಇದ ಏನ್ರಿ?" ಅತ್ತೆ ಕೇಳಿದರು.

"ಕೆರಿ ಅಲ್ಲ, ಇದು ಜೀಬ್ರಾ," ಎಂದಳು ವಿದ್ಯಾ.

ಆಮೇಲೆ ತಿಳಿಯಿತು: ಭಾರತದ ಟೇಪಿನ ಪದ್ಧತಿ ಬೇರೆ, ಅಮೆರಿಕದ ವಿಸಿಆರ್ ಪದ್ಧತಿ ಬೇರೆ. ಅದಕ್ಕೆ ಇದು ಅರ್ಥವಾಗುವುದಿಲ್ಲ. ನಮ್ಮ ಕಡೆಯ ಯಂತ್ರವೇ ಬೇಕು. ಇಡೀ ಟೆಕ್ಸಸ್‌ನಲ್ಲಿ ವಿಚಾರಿಸಿದ ಮೇಲೆ ಆಸ್ಟಿನ್‌ನ ರಾಮು ಅಂಕಲ್ ಸಿಕ್ಕಿದರು. ಅವರು ಹಿಂದೆ ದುಬೈನಲ್ಲಿದ್ದಾಗ ಕೊಂಡ ಒಂದು ವಿಡಿಯೊ ಕ್ಯಾಮೆರಾ ಇನ್ನೂ ಅವರ ಬಳಿ ಇತ್ತು. ದುಬೈ ಟೇಪಿನದೂ ನಮ್ಮ ಪದ್ಧತಿಯೇ. ಹೆಗಲ ಮೇಲೆ ಹೊತ್ತು ಶೂಟ್ ಮಾಡುವಂಥದ್ದು. ಮದುವೆಗಳಲ್ಲಿ ಹಿಂದೆ ನೋಡಿದ್ದೀರಲ್ಲ, ಹಲಸಿನಹಣ್ಣಿನ ಗಾತ್ರ. ಆ ದೊಡ್ಡ ಕ್ಯಾಸೆಟ್ಟೇ ಅದರ ಹೊಟ್ಟೆಯೊಳಗೆ ಹೋಗುತ್ತದೆ. ಅದರಲ್ಲೇ ಹಾಕಿ ನೋಡಲೂಬಹುದು.

"ಅಡಾಪ್ಟರ್ ಸ್ವಲ್ಪ ಲೂಸಪ್ಪ. ಮಧ್ಯೆ ಆಫ್ ಆಗತ್ತೆ, ಮತ್ತೆ ಆನ್ ಮಾಡ್ಕೋ. ಇನ್ನೊಂದು, ಕೆಂಪು ಬಟನ್ ಮಾತ್ರ ಮುಟ್ಟಬೇಡ," ಎಂದರು ಅಂಕಲ್.

"ಮುಟ್ಟಲ್ಲ ಅಂಕಲ್. ಬರ್ಕೊಂಡಿದೀನಿ."

ಬರೆದುಕೊಂಡಿದ್ದೆ, ನಿಜ. ಆದರೆ ಮನೆಗೆ ಬಂದು ನೋಡಿದರೆ ಬಟನ್‌ಗಳ ಬಣ್ಣವೆಲ್ಲ ಎಂದೋ ಸವೆದುಹೋಗಿತ್ತು. ಕೆಂಪು ಬಟನ್ ಎಂಬುದೇ ಇರಲಿಲ್ಲ. ಇಲ್ಲದ ಬಟನ್ನನ್ನು ಮುಟ್ಟುವುದು ಹೇಗೆ? ನಿಶ್ಚಿಂತನಾದೆ.

ಶನಿವಾರ ಬೆಳಿಗ್ಗೆ ಕೆಲಸ ಶುರು. ಕ್ಯಾಮೆರಾ ಮೇಜಿನ ಮೇಲೆ, ಅದರಿಂದ ಕಂಪ್ಯೂಟರಿಗೆ ವೈರು. ಪ್ಲೇ ಒತ್ತಿದೆ. ಬಂತು! ಕೆರೆಯ ಏರಿ ಬಂತು, ಎಮ್ಮೆ ಬಂತು, ಮಾವನವರ ಧ್ವನಿಯೂ ಬಂತು. ಕಂಚಿನ ಧ್ವನಿ. ಎರಡು ಮಾತು ಕೇಳಿಸಿಕೊಂಡು ಅಲ್ಲಿಗೇ ನಿಲ್ಲಿಸಿದೆ. ಮೊದಲ ಪ್ರದರ್ಶನ ಎಲ್ಲರೆದುರೇ ಆಗಬೇಕೆಂದು ಮನೆಯವರನ್ನೂ ಕೋಣೆಯೊಳಗೆ ಬಿಡಲಿಲ್ಲ. "ನಡುವ ಬರೋದು ಖರೇ ಭಾಗ ಅಳಿಯಾರ. ಅದನ್ನ ಒಂದ ಉಸಿರಿನಾಗ ಓದಿದ್ದೆ," ಎಂದು ಮಾವನವರು ಬಾಗಿಲ ಹೊರಗಿನಿಂದ ಹೇಳಿದರು. ಮತ್ತೆ ಮೊದಲಿನಿಂದ ಹಾಕಿ, ಅದು ಕಂಪ್ಯೂಟರಿಗೆ ಇಳಿಯುತ್ತಿರಲಿ ಎಂದು ಬಿಟ್ಟು, ಅದೇ ಕಂಪ್ಯೂಟರಿನಲ್ಲಿ ಆಮಂತ್ರಣ ಪತ್ರಿಕೆ ಮಾಡತೊಡಗಿದೆ.

ಅರ್ಧದಲ್ಲಿ, ಅಂಕಲ್ ಹೇಳಿದಂತೆಯೇ, ಕ್ಯಾಮೆರಾ ಆಫ್ ಆಯಿತು. ಆನ್ ಮಾಡಲು ಹೋದರೆ ಸ್ವಿಚ್ಚಿಗೆ ಎರಡು ಕಡೆ: ಒಂದು ಕಡೆ 'ವಿಸಿಆರ್', ಇನ್ನೊಂದು ಕಡೆ 'ಕ್ಯಾಮೆರಾ'. ನನ್ನ ಮುಂದೆ ಇದ್ದದ್ದು ಕ್ಯಾಮೆರಾ. ನಾನು ತರ್ಕಬದ್ಧ ಮನುಷ್ಯ. 'ಕ್ಯಾಮೆರಾ' ಕಡೆಗೇ ತಿರುಗಿಸಿದೆ. ಬಳಿಕ ಹೆಬ್ಬೆರಳಿಗೆ ಸಿಕ್ಕ ಬಟನ್ ಒತ್ತಿದೆ. ಸಣ್ಣ ಕೆಂಪು ದೀಪ ಹತ್ತಿತು, ಟೇಪು ತಿರುಗಿತು. ದೀಪ ಹತ್ತಿದೆ ಎಂದರೆ ಕೆಲಸ ನಡೆಯುತ್ತಿದೆ ಎಂದರ್ಥ!

ಕೆಲಸವೇನೋ ನಡೆಯುತ್ತಿತ್ತು.

ಅದೇ ಹೊತ್ತಿಗೆ ಅಂಕಲ್ ಫೋನ್ ಮಾಡಿದರು. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಕಾಲ ಮೇಲೆ ಕಾಲು ಹಾಕಿ, ಚಕ್ಕುಲಿ ತಿನ್ನುತ್ತ ಮಾತಾಡಿದೆ. ಕೊನೆಗೆ ಅವರು, "ಆಫ್ ಆಗಿದ್ರೆ ವಿಸಿಆರ್ ಕಡೆ ಇಟ್ಟು ಪ್ಲೇ ಒತ್ತು ಮಾರಾಯಾ," ಎಂದರು. ಹಾಗೇ ಮಾಡಿದೆ. ಉಳಿದ ಭಾಗ ಸರಾಗವಾಗಿ ಇಳಿಯಿತು. ಕಡತದ ಹೆಸರು, ಅಳತೆ, ಅವಧಿ ಎಲ್ಲವನ್ನೂ ಪರಿಶೀಲಿಸಿದೆ. ಬೇರೆ ಬೇರೆ ಕಡೆ ಪ್ರತಿಗಳನ್ನು ಇಟ್ಟೆ. ಚಿತ್ರ ನೋಡುವುದೊಂದನ್ನು ಬಿಟ್ಟು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಇಂದಿನ ತಪ್ಪು: ಸೊನ್ನೆ.

ಪ್ರದರ್ಶನದ ಸಂಜೆ ಕ್ಲಬ್‌ಹೌಸ್ ತುಂಬಿತ್ತು. ಮಾವನವರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಅತ್ತೆ, ಕ್ಯಾಸೆಟ್ ಸುತ್ತಿ ತಂದಿದ್ದ ಅದೇ ಇಳಕಲ್ ಸೀರೆಯುಟ್ಟು. ನಾನು ಮೈಕ್ ಹಿಡಿದು ಸಾಕ್ಷ್ಯಚಿತ್ರದ ಸಾಮಾಜಿಕ ಮಹತ್ವದ ಬಗ್ಗೆ ಮಾತಾಡಿದೆ. ಹಿಂದಿನಿಂದ ಯಾರೋ, "ಊಟ ಆರೋಗತ್ತೆ ಸುಹಾಸ್!" ಎಂದ ಮೇಲೆ ಚಿತ್ರ ಹಾಕಿದೆ.

ಕೆರೆ ಬಂತು. ಎಮ್ಮೆ ಬಂತು. ಮಾವನವರ ಎರಡು ಮಾತಿಗೆ ಚಪ್ಪಾಳೆ ಬಂತು. ಅತ್ತೆ ಒಮ್ಮೆ ದೀಪಗಳ ಕಡೆ ನೋಡಿದರು, ಕರೆಂಟ್ ಇದೆ ತಾನೇ ಎಂದು. ರೈತರು ಮಾತಾಡಿದರು. ಒಬ್ಬಜ್ಜಿ ಖಾಲಿ ಕೊಡ ತೋರಿಸಿದಳು. ಕ್ಯಾಮೆರಾ ಬತ್ತಿದ ಕೆರೆಯ ದಂಡೆಯ ದಿಬ್ಬದ ಕಡೆಗೆ ತಿರುಗಿತು. ಮಾವನವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಖರೇ ಭಾಗ.

ಪರದೆಯ ತುಂಬ ಒಂದು ಮೊಣಕಾಲು!

ಗೋಡೆಯಗಲದ ಮೊಣಕಾಲು. ಚಡ್ಡಿಯ ಅಂಚು. ಅದರ ಮೇಲೆ ಬೀಳುತ್ತಿದ್ದ ಚಕ್ಕುಲಿ ಪುಡಿ.

"ಮಾಮ್, ಈಸ್ ದಟ್ ಅ ಪೊಟೇಟೊ?" ಒಂದು ಮಗು ಕೇಳಿತು.

ಮಾವನವರ ಕಂಚಿನ ಧ್ವನಿಯ ಜಾಗದಲ್ಲಿ ನನ್ನ ಧ್ವನಿ, ನಾಲ್ಕೂ ಸ್ಪೀಕರಿನಿಂದ: "ಏನ್ ಕಷ್ಟ ಅಂಕಲ್, ಮಕ್ಕಳಾಟ! (ಕರುಂ ಕುರುಂ) ಮಾವನ ವಾಯ್ಸಾ? ಚೆನ್ನಾಗೇ ಇದೆ... ಸ್ವಲ್ಪ ರೇಷನ್ ಅಂಗಡಿ ಮುಂದೆ ಅನೌನ್ಸ್ ಮಾಡ್ದಂಗೆ. ನಾನಾಗಿದ್ರೆ ಇನ್ನೊಂಚೂರು ನ್ಯಾಚುರಲ್ ಆಗಿ ಓದ್ತಿದ್ದೆ. (ಕರುಂ)"

ನಾನು ಕಂಪ್ಯೂಟರಿನತ್ತ ಓಡಿದೆ. ವೈರು ಕಾಲಿಗೆ ಸಿಕ್ಕಿತು. ಪರದೆಯ ಮೇಲಿನ ಮೊಣಕಾಲು ನೆಮ್ಮದಿಯಿಂದ ಅಲುಗಾಡುತ್ತಿತ್ತು. ಕೆಳಗಿನ ಮೊಣಕಾಲು ನೆಲಕ್ಕೆ ಬಡಿಯಿತು. ಎದ್ದು, ಅದನ್ನು ನಿಲ್ಲಿಸಲು ಹೋದರೆ ಸದ್ದು ಮಾತ್ರ ನಿಂತಿತು, ಚಿತ್ರ ನಿಲ್ಲಲಿಲ್ಲ.

"ಅಳಿಯಾರ," ಮಾವನವರ ಸ್ವರ ತಣ್ಣಗಿತ್ತು. "ಕ್ಯಾಸೆಟ್ಟಿನ ಮೂಲ್ಯಾಗ ಒಂದು ಚೌಕ ಮುರದಿತ್ತಲ್ರಿ?"

"ಹೌದು ಮಾವ. ಅದನ್ನ ನಾನು ಸೆಲ್ಲೋಟೇಪ್ ಹಾಕಿ ಮುಚ್ಚಿದೆ."

"ಅದನ್ನ ನಾನ ಮುರದಿದ್ದೆ. ಹಂಗ ಮುರದ್ರ ಅದರ ಮ್ಯಾಲ ಯಾರಿಗೂ ರೆಕಾರ್ಡ್ ಮಾಡಾಕ ಬರೂದಿಲ್ಲ."

ಅಂದರೆ ಕಂಪ್ಯೂಟರಿನಲ್ಲಷ್ಟೇ ಅಲ್ಲ, ಮೂಲ ಟೇಪಿನಲ್ಲೂ ಈಗ ಇರುವುದು ನನ್ನ ಮೊಣಕಾಲೇ. ಜಗತ್ತಿನಲ್ಲಿ ಉಳಿದಿದ್ದ ಒಂದೇ ಪ್ರತಿ! ನಾನು ಅತ್ತೆಯ ಮುಖ ನೋಡಲಾರದೆ ನೆಲ ನೋಡಿದೆ.

ಅತ್ತೆ ನಿಟ್ಟುಸಿರು ಬಿಟ್ಟರು. "ಅವತ್ತ ಕರೆಂಟ್ ಹೋತು. ಇವತ್ತ ಅಳಿಯಾ ಬಂದ."

ಇಡೀ ಕ್ಲಬ್‌ಹೌಸ್ ನಕ್ಕಿತು. ಮಾವನವರು ನಗಲಿಲ್ಲ. ಎದ್ದರು. ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಈಗ ಬೈಗುಳವೆಂದು ಕಣ್ಣು ಮುಚ್ಚಿದೆ. ಅವರು ಅತ್ತೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. ಮತ್ತೆ ಅದೇ ಕಂಚಿನ ಧ್ವನಿ, ಅಂದಿಗಿಂತ ತುಸು ಒರಟು:

"ಇದೇ ನೆಲ ಒಂದು ಕಾಲಕ್ಕೆ ಹಸಿರಿನಿಂದ ನಳನಳಿಸುತ್ತಿತ್ತು. ಇಂದು ನೋಡಿ. ಅಲ್ಲೊಂದು ಇಲ್ಲೊಂದು ಕುರುಚಲು ಮಾತ್ರ ಉಳಿದಿದೆ."

ಪರದೆಯ ಮೇಲೆ ನನ್ನ ಮೊಣಕಾಲು. ಅಲ್ಲೊಂದು ಇಲ್ಲೊಂದು ಕುರುಚಲು.

"ಈ ಬೋಳು ದಿಬ್ಬ ಯಾರ ಅವಿವೇಕದ ಫಲ?"

ಜನ ಕುರ್ಚಿಯಿಂದ ಜಾರಿ ಬಿದ್ದು ನಕ್ಕರು. ವಿದ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಾವನವರು ಮಾತ್ರ ಒಂದಕ್ಷರ ತಪ್ಪದೆ, ಇಷ್ಟು ವರ್ಷಗಳ ಮೇಲೂ ಕಂಠಪಾಠವಿದ್ದದ್ದನ್ನು ಹೇಳುತ್ತ ಹೋದರು. ನಗು ತಾನಾಗಿ ಇಳಿಯಿತು. ಕೆರೆಗೆ ಹಕ್ಕಿ ಬರುವುದು ನಿಂತದ್ದನ್ನು ಹೇಳುವ ಹೊತ್ತಿಗೆ ಯಾರೂ ಮೊಣಕಾಲು ನೋಡುತ್ತಿರಲಿಲ್ಲ. ಅತ್ತೆ ಪರದೆಯ ಕಡೆ ತಿರುಗಲೇ ಇಲ್ಲ. ಗಂಡನನ್ನೇ ನೋಡುತ್ತಿದ್ದರು.

ಮುಂದಿನ ಭಾಗ ತಾನಾಗಿ ಬಂತು. ನಾನು ಸದ್ದನ್ನು ಮತ್ತೆ ಹಾಕಿದೆ. ಕೊನೆಯಲ್ಲಿ ಹೆಸರುಗಳು ಮೂಡಿದವು. 'ಧ್ವನಿ: ಗೋವಿಂದರಾವ್' ಎಂದು ಬಂದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವನವರು ಮೈಕ್ ಇನ್ನೂ ಕೊಟ್ಟಿರಲಿಲ್ಲ.

"ಮೊಣಕಾಲು: ನಮ್ಮ ಅಳಿಯಾರು," ಎಂದರು.

ಆ ಭಾಗವನ್ನು ಕತ್ತರಿಸಿ, ಹೊಸದಾಗಿ ಅವರ ಧ್ವನಿ ಸೇರಿಸಿ ಕೊಡುತ್ತೇನೆಂದು ನಾನು ಮನೆಯಲ್ಲಿ ಕೈಮುಗಿದು ಕೇಳಿಕೊಂಡೆ. "ಧ್ವನಿ ಸೇರಸ್ರಿ. ಮೊಣಕಾಲು ಇರ್ಲಿ," ಎಂದರು ಅತ್ತೆ. "ಧಾರವಾಡದಾಗ ಓಣಿ ಮಂದಿಗೆ ತೋರಸ್ಬೇಕು." ಈ ಸಲ ವೈರನ್ನು ವಿದ್ಯಾ ಎಳೆದಳು. ನನ್ನನ್ನು ಕೋಣೆಯೊಳಗೆ ಬಿಡಲಿಲ್ಲ.

ಈಗ ಸ್ಟಾಫರ್ಡ್‌ನ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದರೆ ಪರಿಚಯದವರು ಬಂದು, ಮೊದಲು ನನ್ನ ಕಾಲು ನೋಡಿ, ಆಮೇಲೆ ಮುಖ ನೋಡಿ ನಮಸ್ಕಾರ ಹೇಳುತ್ತಾರೆ. ಹೀಗಾಗಿ ಹ್ಯೂಸ್ಟನ್‌ನ ಆಗಸ್ಟ್ ಬಿಸಿಲಿನಲ್ಲೂ ನಾನು ಪೂರ್ತಿ ಪ್ಯಾಂಟೇ ಹಾಕುತ್ತೇನೆ. ಆದರೂ ಗುರುತು ಹಿಡಿಯುತ್ತಾರೆ!